ನಾನು ಮುಟ್ಟಿಸದ ಬನ್ನಿ

ಸಿರಿ, ಓಂಕಾರ — ನಿಮ್ಮ ಮುತ್ಯಾ, ನನ್ನ ಗಂಡ, ಸಾಯುವಾಗ ನಿಮ್ಮಪ್ಪನ ಹೆಸರನ್ನೇ ತೆಗೆಯಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅದಕ್ಕೂ ಮೊದಲು, ಬನ್ನಿ ಹಬ್ಬದ ದಿನ, ಮುತ್ಯಾ ಮಗನ ಮುಖ ನೋಡಲು ಒಲ್ಲೆ ಅಂದರು ಎಂದು ನಿಮ್ಮಪ್ಪನಿಗೆ ಹೇಳಿದ್ದೂ ಸುಳ್ಳು. ಅದೇ ದಿನ, ಮಗ ಬರಲೇ ಇಲ್ಲ ಎಂದು ಮುತ್ಯಾನಿಗೆ ಹೇಳಿದ್ದೂ ಸುಳ್ಳು. ಎಲ್ಲವೂ ನನ್ನ ಬಾಯಿಂದಲೇ ಬಂದವು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ.

ಸಿರಿ, ಈ ಮನೆಯಲ್ಲಿ ಮೊಮ್ಮಕ್ಕಳಲ್ಲಿ ನನ್ನ ಅಕ್ಷರ ಓದಬಲ್ಲವಳು ನೀನೊಬ್ಬಳೇ. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಕಲಿತು ಬಂದು, ನನ್ನ ಪಕ್ಕ ಕೂತು ಪಾಟಿಯ ಮೇಲೆ ಕನ್ನಡ ತಿದ್ದಿದವಳು ನೀನು. ಓಂಕಾರನಿಗೆ ನೀನೇ ಓದಿ ಹೇಳಬೇಕು. ಒಂದು ಮಾತನ್ನೂ ಬಿಡಬೇಡ. ನಿಮ್ಮ ಆಯಿ ನಾನು, ನನ್ನ ಮರ್ಯಾದೆ ಉಳಿಯಲಿ ಎಂದು ಅಲ್ಲಲ್ಲಿ ಹಾರಿಸಬೇಡ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರು ನಡುವೆ ಸ್ವಲ್ಪ ಬಿಟ್ಟರೆ ಏನಾಗುತ್ತದೆ — ನಾನು ಬರೆಯಲು ಕೂತಿರುವುದೇ ಅದನ್ನು.

ನಾನು ವಿಜಾಪುರ ಕಡೆಯ ಹಳ್ಳಿಯವಳು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮದುವೆಯಾಗಿ ಹೈದರಾಬಾದಿಗೆ ಬಂದಾಗ ಬಸ್ಸಿನಲ್ಲಿ ಟಿಕೆಟ್ ಕೇಳಲಿಕ್ಕೂ ನಾಚಿಕೆಯಾಗುತ್ತಿತ್ತು. ಬೇಗಂ ಬಜಾರಿನಲ್ಲಿ ಜೋಳ ಕೊಳ್ಳುವಾಗ ಬಾಯಿ ಬಿಡದೆ ಚೀಲದ ಕಡೆ ಬೆರಳು ಮಾಡುತ್ತಿದ್ದೆ. ಅಂಗಡಿಯವನು ನನ್ನನ್ನು ಮೂಕಿ ಎಂದೇ ತಿಳಿದಿದ್ದ. ಮಾತು ಬಾರದವಳು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ನನ್ನ ಗಂಡ, ನನ್ನ ಮಗ ಇಬ್ಬರೂ ಹಾಗೆಯೇ ನಂಬಿದ್ದರು.

ನಿಮ್ಮ ಮುತ್ಯಾ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ, ಕಾದ ಉಕ್ಕನ್ನು ದೊಡ್ಡ ಸುತ್ತಿಗೆಯ ಯಂತ್ರದಿಂದ ಬಡಿಯುವ ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಆ ಸಪ್ಪಳಕ್ಕೆ ಕಿವಿ ಹೋಯಿತು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಎದುರಿಗೆ ನಿಂತು, ತುಟಿ ಕಾಣುವಂತೆ, ಗಟ್ಟಿಯಾಗಿ ಹೇಳಿದರೆ ಮಾತ್ರ ತಿಳಿಯುತ್ತಿತ್ತು. ತಾವೂ ಕೂಗಿಯೇ ಮಾತಾಡುತ್ತಿದ್ದರು. ಹಾಗಾಗಿ ಅವರು ನಿಮ್ಮಪ್ಪ ಬಸುವಿಗೆ ಹೇಳುತ್ತಿದ್ದ ಕಥೆ ನಾವಿದ್ದ ಕಾರ್ಖಾನೆ ಕ್ವಾರ್ಟರ್ಸಿನ ಅರ್ಧ ಸಾಲಿಗೆ ಕೇಳುತ್ತಿತ್ತು. ಪಕ್ಕದ ಮನೆಯ ತೆಲುಗಿನವರು ಕನ್ನಡ ಬಾರದಿದ್ದರೂ, ಇವತ್ತು ಕಥೆ ಎಲ್ಲಿಗೆ ಬಂತು ಎಂದು ನನ್ನನ್ನು ಕೇಳಿ ನಗುತ್ತಿದ್ದರು.

ಅದು ಈ ಭೂಮಿಯ ಕಥೆಯಲ್ಲ. ಬಹಳ ದೂರ, ಚುಕ್ಕಿಗಳ ಆಚೆ, ಕೆಂಡಲೋಕ ಎಂಬುದೊಂದು. ಅಲ್ಲಿಯ ಆಕಾಶ ಒಲೆಯಿಂದ ಆಗ ತಾನೇ ತೆಗೆದ ಉಕ್ಕಿನ ಬಣ್ಣ. ಅಲ್ಲೊಂದು ದೊಡ್ಡ ಬಾಗಿಲು. ಅದರ ಹಿಂದೆ ಕತ್ತಲೆಯನ್ನೆಲ್ಲ ಕೂಡಿ ಹಾಕಿದ್ದಾರೆ. ಅದನ್ನು ಕಾಯುವವನು ಭೈರ. ಜೀವ ಹೋದರೂ ಬಾಗಿಲು ಬಿಡುವುದಿಲ್ಲ ಎಂದು ಅರಸನಿಗೆ ಮಾತು ಕೊಟ್ಟವನು. ಅವನ ಮಗ ಚಿಗರಿ. ಚಿಗರಿಗೆ ಬಾಗಿಲು ಕಾಯುವುದು ಸಾಲದು, ದೊಡ್ಡವನಾಗಬೇಕು. ನೀಲಲೋಕಕ್ಕೆ ಹೋಗಿ ಅಲ್ಲಿ ದಂಡನಾಯಕನಾಗುತ್ತಾನೆ. ತಂದೆ ಈ ಲೋಕದಲ್ಲಿ ಜಾಗಟೆ ಬಾರಿಸಿದರೆ ಮಗನಿಗೆ ಆ ಲೋಕದಲ್ಲಿ ಕೇಳುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಅಷ್ಟು ದೂರ.

ಚುಕ್ಕಿಗಳ ನಡುವೆ ಸಪ್ಪಳ ಹೋಗುವುದಿಲ್ಲ ಎಂದು ನಮ್ಮ ಮಾಸ್ತರು ಹೇಳ್ಯಾರ ಎಂದು ಬಸು ಒಮ್ಮೆ ತಕರಾರು ತೆಗೆದ. "ನಿಮ್ಮ ಮಾಸ್ತರ ಅಲ್ಲಿಗಿ ಹೋಗಿ ಬಂದಾನೇನು?" ಎಂದರು ಮುತ್ಯಾ. ಹುಡುಗ ಬಿದ್ದು ಬಿದ್ದು ನಕ್ಕ.

ಆ ಕಥೆ ಮುಗಿಯಲೇ ಇಲ್ಲ. ಬಸು ಚಡ್ಡಿ ಬಿಟ್ಟು ಪ್ಯಾಂಟು ಹಾಕಿದ, ಮೀಸೆ ಬಂತು, ಕಾಲೇಜು ಸೇರಿದ — ಚಿಗರಿಯ ದಂಡು ಇನ್ನೂ ಕೆಂಡಲೋಕದ ದಾರಿಯಲ್ಲೇ ಇತ್ತು. ಬಾಗಿಲು ಒಡೆದು ಬಾ ಎಂದು ನೀಲಲೋಕದ ಅರಸ ಆಜ್ಞೆ ಮಾಡಿದ್ದಾನೆ. ಬಾಗಿಲಲ್ಲಿ ತಂದೆ ನಿಂತಿದ್ದಾನೆ. ಮುಂದೇನು ಎಂದು ಕೇಳಿದರೆ ಮುತ್ಯಾ ಕೈ ತೊಳೆಯಲು ಏಳುತ್ತಿದ್ದರು. ನಾಳೆ ಹೇಳತೀನಿ ಎನ್ನುತ್ತಿದ್ದರು.

ಅವರು ಉಣ್ಣುತ್ತ ಕಥೆ ಹೇಳುತ್ತಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಎಲ್ಲವನ್ನೂ ಕೇಳಿದ್ದೇನೆ. ಬಸು ಇನ್ನೂ ಚಿಕ್ಕವನಿದ್ದಾಗ ಒಂದು ದಿನ ಧೈರ್ಯ ಮಾಡಿ ನಾನೂ ಒಂದು ಮಾತು ಕೇಳಿದೆ: "ಅಲ್ಲೆ ಹೆಣ್ಣಮಕ್ಕಳು ಇಲ್ಲೇನ್ರಿ? ಚಿಗರಿಗಿ ಅವ್ವ ಇಲ್ಲೇನು?"

ಉತ್ತರ ಕೊಟ್ಟವನು ಬಸು. "ಅಲ್ಲಿ ರೊಟ್ಟಿನ ಬೇಕಾಗಿಲ್ಲವ್ವಾ. ಅವರು ಬೆಳಕು ತಿಂತಾರ."

ಮಗ ಏನೆಂದ ಎಂದು ಮುತ್ಯಾ ನನ್ನನ್ನೇ ಕೇಳಿದರು. ನಾನೇ ಗಟ್ಟಿಯಾಗಿ ತಿರುಗಿ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ; ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನೂ ನಕ್ಕೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಮಗು ಆಡಿದ ಮಾತು ಅದು, ವಿಷವಿರಲಿಲ್ಲ. ವಿಷ ನನ್ನಲ್ಲಿ ಸೇರಿಕೊಂಡಿತು. ಅವರಿಬ್ಬರಿಗೂ ಎರಡೆರಡು ಲೋಕಗಳಿವೆ, ಒಂದರಲ್ಲೂ ನನಗೆ ಜಾಗವಿಲ್ಲ — ಆವತ್ತಿನಿಂದ ದಿನಾ ರೊಟ್ಟಿ ಬಡಿಯುವಾಗ ಇದನ್ನೇ ಬಡಿದೆ. ಇದನ್ನು ನೆವವಾಗಿ ಹೇಳುತ್ತಿಲ್ಲ. ಇಷ್ಟು ಸಣ್ಣ ಮಾತಿಗೆ ನಾನು ಎಷ್ಟು ದೊಡ್ಡ ಸೇಡು ತೀರಿಸಿಕೊಂಡೆ ಎಂದು ನಿಮಗೆ ತಿಳಿಯಲಿ ಎಂದು ಬರೆದೆ.

ಮುತ್ಯಾ ನಿವೃತ್ತರಾದ ಮೇಲೆ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಮಾಳಿಗೆ ಮನೆ ಹಿಡಿದೆವು. ಅದೇ ಕಾಲಕ್ಕೆ ಊರಿನ ಆ ಕಡೆ ಬಂಡೆಗಳನ್ನೆಲ್ಲ ಸಿಡಿಸಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಬಸುವಿಗೆ ಕಂಪ್ಯೂಟರಿನಲ್ಲಿ ಆಟಗಳನ್ನು ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಿಮ್ಮವ್ವನನ್ನು ಮದುವೆಯಾದ ಹೊಸತು. ಒಂದು ದಿನ ಕಂಪನಿಯ ಸಮಾರಂಭಕ್ಕೆ ನಮ್ಮನ್ನೆಲ್ಲ ಕರೆದ, ಒಂದು ವಿಶೇಷ ಐತಿ ಎಂದ. ಮುತ್ಯಾ ಮಗನ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡರು.

ದೊಡ್ಡ ಪರದೆಯ ಮೇಲೆ ಕೆಂಪು ಆಕಾಶ ಬಂತು. ಬಾಗಿಲು ಬಂತು. ನನ್ನ ಗಂಡ ಕುರ್ಚಿಯಲ್ಲಿ ಮುಂದೆ ಬಾಗಿದರು. ಇಪ್ಪತ್ತು ವರ್ಷ ಬಾಯಲ್ಲೇ ಇದ್ದದ್ದು ಕಣ್ಣೆದುರಿಗೆ ನಿಂತಿತ್ತು. ಅವರು ನನ್ನ ಕೈ ಹಿಡಿದುಕೊಂಡರು. ಜನರ ಮುಂದೆ ಹಾಗೆ ಎಂದೂ ಹಿಡಿದವರಲ್ಲ. ಆಮೇಲೆ ಚಿಗರಿ ದಂಡು ಕಟ್ಟಿಕೊಂಡು ಬಂದ. ಬಾಗಿಲು ಒಡೆದ. ಭೈರನ ಎದೆಗೆ ಕತ್ತಿ ಹಾಕಿ, ಅವನ ಮೇಲೆಯೇ ಕಾಲಿಟ್ಟು ಒಳಗೆ ಹೋದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಬಸುವಿನ ಹೆಸರು ಬಂತು. ಅವನೊಬ್ಬನದೇ.

ನನ್ನ ಕೈ ಬಿಟ್ಟು ಮುತ್ಯಾ ಎದ್ದು ಹೊರಗೆ ಹೋದರು.

ಮುಂದಿನ ರವಿವಾರ ಬಸು ಮನೆಯಲ್ಲಿದ್ದ. ಮುತ್ಯಾ ಕೇಳಿದ್ದು ಒಂದೇ: ಭೈರನನ್ನು ಯಾಕೆ ಕೊಂದೆ? ಆಟ ಎಂದ ಮೇಲೆ ಗೆದ್ದವನು ಯಾರೆಂದು ಗೊತ್ತಾಗಬೇಕು ಎಂದು ಬಸು ಹೇಳಿದ. ಅದು ನನ್ನ ಕಥೆಯಲ್ಲ ಎಂದರು ಇವರು. ಬಸುವಿನ ಮೈಯಲ್ಲಿ ಆ ಚಪ್ಪಾಳೆಯ ಅಮಲು ಇನ್ನೂ ಇಳಿದಿರಲಿಲ್ಲ. ತಂದೆಯ ಎದುರಿಗೇ ನಿಂತು, ತುಟಿ ಕಾಣುವಂತೆ ಹೇಳಿದ:

"ನೀ ಮುಗಸಲಿಲ್ಲಪ್ಪ. ನಾ ಮುಗಸೀನಿ."

"ಹಂಗಾದ್ರ ನನ್ನೂ ಮುಗಸಿದಿ ಅಂತ ತಿಳಕೊ," ಎಂದರು ಮುತ್ಯಾ.

ಬಸು ನಿಮ್ಮವ್ವನನ್ನು ಕರೆದುಕೊಂಡು ಮಾದಾಪುರ ಕಡೆ ಮನೆ ಮಾಡಿದ. ಆ ಜಗಳ ಅಲ್ಲಿಗೇ ಕರಗಬೇಕಿತ್ತು — ಎಷ್ಟು ಮನೆಗಳಲ್ಲಿ ತಂದೆ ಮಕ್ಕಳು ಜಗಳಾಡಿ ಮತ್ತೆ ಒಂದೇ ತಾಟಿನಲ್ಲಿ ಉಂಡಿಲ್ಲ? ಆದರೆ ಮುತ್ಯಾ ಫೋನಿನಲ್ಲಿ ಮಾತಾಡಲಾರರು, ಅವರಿಗೆ ಕೇಳುವುದಿಲ್ಲ. ಬಸು ದಿನಾ ಫೋನು ಮಾಡುತ್ತಿದ್ದ. ಎತ್ತುವವಳು ನಾನು. ಅವನ ಮಾತು ಅವರಿಗೆ, ಅವರ ಮಾತು ಅವನಿಗೆ — ಎಲ್ಲವೂ ನನ್ನ ಬಾಯಿ ದಾಟಿಯೇ ಹೋಗಬೇಕು.

ಒಂದು ವಾರ ಕಳೆಯುವುದರೊಳಗೆ ಬಸು, ನನ್ನದು ತಪ್ಪಾಯಿತು ಅಂತ ಅಪ್ಪನಿಗೆ ಹೇಳವ್ವಾ ಎಂದ. ಮುತ್ಯಾ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಫೋನು ಇಟ್ಟ ಕೂಡಲೇ, ಏನಂದ ಎಂದು ಕೇಳಿದರು. ನಾನು ಅವರ ಎದುರಿಗೆ ಹೋಗಿ ನಿಂತು, ಗಟ್ಟಿಯಾಗಿ ಹೇಳಿದೆ: "ಆರಾಮ ಇದ್ದಾನಂತ್ರಿ."

ಅಷ್ಟೇ. ಮೊದಲನೆಯದು ಸುಳ್ಳೂ ಅಲ್ಲ, ಒಂದು ಮಾತನ್ನು ಬಿಟ್ಟದ್ದು ಅಷ್ಟೇ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆದರೆ ಮಾರನೆಯ ದಿನ ಬಸು ಮತ್ತೆ ಫೋನು ಮಾಡಿ, ಅಪ್ಪ ಏನಂದ ಎಂದು ಕೇಳಿದ. ಆ ದನಿ — ಚಿಗರಿಯ ಕಥೆ ಮುಂದೇನು ಎಂದು ಕೇಳುತ್ತಿದ್ದ ದನಿಯೇ ಅದು. ಈ ಸಲ ಕೇಳಿದ್ದು ನನ್ನನ್ನು. ನನ್ನ ಬದುಕಿನಲ್ಲೇ ಮೊದಲ ಸಲ ಅವರಿಬ್ಬರೂ ನನ್ನ ಬಾಯಿಯನ್ನು ಕಾಯುತ್ತಿದ್ದರು. ಇನ್ನೂ ಏನೂ ಅಂದಿಲ್ಲಪ್ಪ ಎಂದೆ. ಹೇಳುವಾಗ ನನಗೆ ಹಿತವಾಯಿತು. ಮಕ್ಕಳೇ, ನಾನು ಬಚ್ಚಿಡುವುದಿಲ್ಲ — ಬಹಳ ಹಿತವಾಯಿತು.

ತಿಂಗಳುಗಳು ಹಾಗೇ ಹೋದವು. ಇಬ್ಬರೂ ಆಡಿದ ಬೆಚ್ಚನೆಯ ಮಾತುಗಳನ್ನು ನಾನು ನಡುವೆ ಹಿಡಿದು ತಣ್ಣಗೆ ಮಾಡಿ ದಾಟಿಸಿದೆ. ಹುಡುಗ ಊಟಕ್ಕೆ ಏನು ಮಾಡುತ್ತಾನೆ ಎಂದು ಮುತ್ಯಾ ಕೇಳಿದ್ದನ್ನು ದಾಟಿಸಲಿಲ್ಲ. ಬಸು ಅವರ ಕಿವಿಗೆ ಹೊಸ ಮಷೀನು ನೋಡಿಟ್ಟಿದ್ದೇನೆ ಎಂದದ್ದನ್ನಂತೂ — ಅದನ್ನು ದಾಟಿಸಿದರೆ ನನ್ನ ಕೆಲಸವೇ ಮುಗಿದು ಹೋಗುತ್ತಿತ್ತಲ್ಲ.

ದಸರೆ ಬಂತು. ನಮ್ಮ ಕಡೆ ಬನ್ನಿ ಎಂದರೆ ಏನೆಂದು ನಿಮಗೆ ಗೊತ್ತು. ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದರೆ ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಕಿರಿಯರು ಕೊಟ್ಟ ಬನ್ನಿಯನ್ನು ಹಿರಿಯರು ಒಲ್ಲೆ ಎನ್ನುವ ಹಾಗಿಲ್ಲ. ಕೊಲೆ ಮಾಡಿ ಬಂದವನ ಕೈಯಿಂದಲೂ ತೆಗೆದುಕೊಳ್ಳಬೇಕು ಎನ್ನುತ್ತಿದ್ದರು ನಮ್ಮ ಹಿರಿಯರು. ಬಸು ಅದಕ್ಕೇ ಆ ದಿನ ಬಂದ.

ಮುತ್ಯಾ ಬೆಳಿಗ್ಗೆಯೇ ಸ್ನಾನ ಮಾಡಿ, ಹೊಸ ಧೋತರ ಉಟ್ಟು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಗಲ್ಲಿಯಲ್ಲಿ ಯಾರು ಬಂದರೂ ಕಾಣಲಿ ಎಂದು. ಆದರೆ ಬಸು ಹೂವಿನ ಅಂಗಡಿಗಳಿದ್ದ ಹಿಂದಿನ ದಾರಿಯಿಂದ, ಹಿತ್ತಿಲ ಮೆಟ್ಟಿಲು ಹತ್ತಿ ಬಂದ. ನಾನು ಬಾಗಿಲು ತೆಗೆದೆ. ಬಾಗಿಲ ತುಂಬ ನಿಂತೆ.

"ಒಳಗ ಬರಬ್ಯಾಡ," ಎಂದೆ. "ನಿನ್ನ ಮಾರಿ ನೋಡೂದಿಲ್ಲ ಅಂದಾರ."

"ಬನ್ನಿ ತಂದೀನವ್ವಾ."

"ಬನ್ನೀನೂ ಒಲ್ಲೆ ಅಂದಾರ."

ಅವನು ನನ್ನ ಹೆಗಲ ಮೇಲಿಂದ ಒಳಗೆ ನೋಡಿದ. ತಂದೆಯ ಬೆನ್ನು ಕಾಣುತ್ತಿತ್ತು. ಅಪ್ಪಾ ಎಂದು ಒಮ್ಮೆ ಕರೆದ. ಅವರು ತಿರುಗಲಿಲ್ಲ. ಕಿವಿ ಕೇಳುವುದಿಲ್ಲ ಎಂದು ಬಸುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಾನು ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ಅದೇ ಬೆನ್ನು ಅವನಿಗೆ ಬೇರೆ ಬೆನ್ನಾಗಿ ಕಂಡಿತು. ನಾನು ನಿಂತ ಜಾಗದಿಂದ ಒಂದು ಹೆಜ್ಜೆ ಸರಿದಿದ್ದರೆ ಸಾಕಿತ್ತು.

ಅವನು ಬಾಗಿ ನನ್ನ ಕಾಲು ಮುಟ್ಟಿ ನನ್ನ ಪಾಲಿನ ಬನ್ನಿ ಕೊಟ್ಟ. ಅಪ್ಪನ ಪಾಲಿನದನ್ನೂ ನನ್ನ ಕೈಯಲ್ಲೇ ಇಟ್ಟು, ನೀನಾದರೂ ಯಾವಾಗಾದರೂ ಕೊಡವ್ವಾ ಎಂದು ಇಳಿದು ಹೋದ. ನನಗೆ ಕೊಟ್ಟದ್ದನ್ನು ದೇವರ ಮುಂದೆ ಇಟ್ಟೆ. ಅವರದನ್ನು ಚೆಂಡುಹೂವಿನ ದಂಟು, ಕಾಯಿಪಲ್ಯದ ಸಿಪ್ಪೆಯ ಜೊತೆ ಕಸದ ಬುಟ್ಟಿಗೆ ಹಾಕಿದೆ.

ಸಂಜೆಯವರೆಗೆ ಮುತ್ಯಾ ಕಿಟಕಿ ಬಿಡಲಿಲ್ಲ. ಕೆಳಗಿನ ಮನೆಯ ತೆಲುಗು ಹುಡುಗರು ಬಂದು ಜಮ್ಮಿ, ಅವರ ಬನ್ನಿ, ಕೊಟ್ಟು ಕಾಲಿಗೆ ಬಿದ್ದರು. ಇವರು ಕಿಸೆಯಿಂದ ಪೇಪರ್‌ಮೆಂಟು ತೆಗೆದು ಕೊಟ್ಟರು. ಒಂದು ಕೊಂಬೆ ಬನ್ನಿಯನ್ನು ಮಾತ್ರ ತೊಡೆಯ ಮೇಲೆ ಬೇರೆಯಾಗಿ ಇಟ್ಟುಕೊಂಡಿದ್ದರು. ದೀಪ ಹಚ್ಚುವ ಹೊತ್ತಿಗೆ ಎಲೆಗಳು ಮುದುಡಿದ್ದವು.

"ಬಸು ಬರಲಿಲ್ಲೇನು?"

"ಇಲ್ರಿ."

ಒಲೆಯ ಮುಂದೆ ಹೋಗಿ ಕೂತೆ. ಬೆಳಕು ತಿನ್ನಲಿ ಈಗ, ಅಂದುಕೊಂಡೆ. ಹೌದು, ಅದೇ ಮಾತು ಅಂದುಕೊಂಡೆ.

ಮುಂದಿನ ದಸರೆ ಅವರಿಗಿರಲಿಲ್ಲ. ಬೇಸಿಗೆಯಲ್ಲಿ ಎದೆಯಲ್ಲಿ ನೀರು ತುಂಬಿ ಕೆಳಗಿನ ಮನೆಯವರೂ ನಾನೂ ಕೋಠಿ ಕಡೆಯ ಆಸ್ಪತ್ರೆಗೆ ಸೇರಿಸಿದೆವು. ಬಸುವಿಗೆ ಫೋನಿನಲ್ಲಿ, ಸಾದಾ ಜ್ವರ, ಎರಡು ದಿನಕ್ಕೆ ಬಿಡುತ್ತಾರೆ ಎಂದೆ. ಅವನು ಬಂದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಎಲ್ಲ ಹೊರಗೆ ಬೀಳುತ್ತದೆ. ಆ ಹೊತ್ತಿಗೆ ನನಗೆ ಹೊಟ್ಟೆಕಿಚ್ಚೂ ಉಳಿದಿರಲಿಲ್ಲ. ಉಳಿದದ್ದು ಸಿಕ್ಕಿಬೀಳುವ ಭಯ ಮಾತ್ರ. ಅದು ಹೊಟ್ಟೆಕಿಚ್ಚಿಗಿಂತ ಕ್ರೂರ.

ಒಂದು ಮಧ್ಯಾಹ್ನ ಮುತ್ಯಾ ನನ್ನನ್ನು ಹಾಸಿಗೆಯ ಹತ್ತಿರ ಕರೆದರು. ಕೂಗುವ ಶಕ್ತಿ ಹೋಗಿತ್ತು. ಅವರು ಪಿಸುಮಾತಿನಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಥೆಯ ಕೊನೆ ಹೇಳತೀನಿ, ನೀನು ಬಸುವಿಗೆ ಹೇಳು ಎಂದರು.

ಚಿಗರಿ ದಂಡು ತಂದು ಬಾಗಿಲ ಮುಂದೆ ನಿಲ್ಲುತ್ತಾನೆ. ತೆಗೆ ಎನ್ನುತ್ತಾನೆ. ಭೈರ ತೆಗೆಯುವುದಿಲ್ಲ, ಅರಸನಿಗೆ ಕೊಟ್ಟ ಮಾತಿದೆ. ಚಿಗರಿ ಒಡೆಯಬಲ್ಲ, ಒಡೆಯುವುದಿಲ್ಲ. ದಂಡನ್ನು ಹಿಂದಕ್ಕೆ ಕಳಿಸಿ, ಕತ್ತಿಯನ್ನು ಕೆಳಗಿಟ್ಟು, ಬಾಗಿಲಿಗೆ ಬೆನ್ನು ಹಚ್ಚಿ ಹೊರಗೆ ಕೂತುಬಿಡುತ್ತಾನೆ. ಒಳಗಿನಿಂದ ತಂದೆ ಕಾಯುತ್ತಾನೆ, ಹೊರಗಿನಿಂದ ಮಗ. ಒಂದೇ ಹಲಗೆಯ ಆಚೆ ಈಚೆ ಇಬ್ಬರ ಬೆನ್ನು. ಒಬ್ಬರಿಗೊಬ್ಬರು ಕಾಣುವುದಿಲ್ಲ.

"ಅವರಿಗಿ ಒಬ್ಬರದೊಬ್ಬರಿಗಿ ಹ್ಯಾಂಗ ಗೊತ್ತಾಗತೈತಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

ಅವರು ನನ್ನನ್ನು ನೋಡಿ ನಕ್ಕರು. "ಚಿಗರಿ ಅವ್ವ ಅದಾಳಲ್ಲ. ಎರಡೂ ಲೋಕಕ್ಕ ದೀಪ ಒಯ್ಯಾಕಿ ಆಕೀನ. ಮೊದಲಿಂದ ಇದ್ಳು. ನಾವು ಇಬ್ಬರೂ ಆಕೀ ಹೆಸರ ಹೇಳಿರಲಿಲ್ಲ, ಅಷ್ಟ."

ನಾನು ಬೇಡಿದ್ದ ಜಾಗ ಅದು. ಕೊಟ್ಟರು. ನಾನು ಏನು ಮಾಡಿದ್ದೆನೆಂದು ಗೊತ್ತಿಲ್ಲದೆ, ಪೂರ್ತಿ ನಂಬಿ ಕೊಟ್ಟರು. ಆಗಲಾದರೂ ಕೆಳಗೆ ಇಳಿದು ಹೋಗಿ ಫೋನು ಮಾಡಬಹುದಿತ್ತು. ಆಸ್ಪತ್ರೆಯ ಎದುರಿಗೇ ಔಷಧದ ಅಂಗಡಿಯಲ್ಲಿ ಫೋನಿತ್ತು. ಮೆಟ್ಟಿಲವರೆಗೆ ಹೋದೆ. ಬಸುವಿಗೆ ಇದನ್ನು ಹೇಳಿದರೆ, ಹಾಗಾದರೆ ಬನ್ನಿ ಯಾಕೆ ಒಲ್ಲೆ ಅಂದ ಎಂದು ಕೇಳುತ್ತಾನೆ — ತಿರುಗಿ ಬಂದು ಹಾಸಿಗೆಯ ಪಕ್ಕ ಕೂತೆ. ಹೇಳಿದೆಯಾ ಎಂದು ಕಣ್ಣಲ್ಲೇ ಕೇಳಿದರು. ಹೂಂ ಎಂದು ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ಹೋದರು.

ಮಣ್ಣು ಕೊಟ್ಟು ಬಂದ ಮೇಲೆ ಬಸು ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತ. ಅವನ ಕಣ್ಣು ಒಣಗಿತ್ತು.

"ಕಡೀಗೂ ನನ್ನ ಹೆಸರ ತಗೀಲಿಲ್ಲೇನವ್ವಾ?"

ಮೊದಲಿಗೇ ಬರೆದ ಆ ಮೂರು ಸುಳ್ಳಿನಲ್ಲಿ ಇದಕ್ಕೆ ಮಾತ್ರ ನನ್ನ ಬಳಿ ಕೋಪವಿರಲಿಲ್ಲ, ಹೊಟ್ಟೆಕಿಚ್ಚಿರಲಿಲ್ಲ, ಏನೂ ಇರಲಿಲ್ಲ. ಸುಮ್ಮನೆ ಹೇಳಿದೆ.

"ಇಲ್ಲಪ್ಪ."

ಅವನು ತಲೆಯಾಡಿಸಿ ಹೊರಗೆ ಹೋದ. ಕೆಲವೇ ದಿನಗಳಲ್ಲಿ ಆಟ ಮಾಡುವ ಕೆಲಸ ಬಿಟ್ಟು, ಬ್ಯಾಂಕಿನವರ ಲೆಕ್ಕದ ಪ್ರೋಗ್ರಾಮು ಬರೆಯುವ ಕಂಪನಿ ಸೇರಿದ. ನೀವು ಹುಟ್ಟಿದಿರಿ. ಚಿಕ್ಕವನಿದ್ದಾಗ ಓಂಕಾರ ಕಥೆ ಹೇಳು ಎಂದು ಕಾಡಿದರೆ, ನನಗೆ ಕಥೆ ಬರುವುದಿಲ್ಲ ಎನ್ನುತ್ತಿದ್ದ ಬಸು. ನಿಮ್ಮಪ್ಪ ಒರಟು, ಮನಸ್ಸಿಲ್ಲದವನು ಎಂದು ನೀವು ಅಂದುಕೊಂಡಿದ್ದೀರಿ. ಅವನು ಹಾಗಿರಲಿಲ್ಲ. ನಾನು ಅವನನ್ನು ಹಾಗೆ ಮಾಡಿದೆ. ಅವನು ನನ್ನನ್ನು ಈ ಮನೆಗೆ ಕರೆತಂದು, ದಿನಾ ಮೊದಲ ಚಹಾ ನನಗೆ ಕೊಟ್ಟು, ಅಪ್ಪ ಬಿಟ್ಟರೂ ಅವ್ವ ಬಿಡಲಿಲ್ಲ ಎಂದು ಬಂದವರ ಮುಂದೆ ಹೇಳುತ್ತಾನೆ. ನಾನು ಆ ಚಹಾ ಕುಡಿಯುತ್ತೇನೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆದೆ ಎಂದರೆ — ಓಂಕಾರ, ಇದು ನಿನ್ನಿಂದ. ಕೋಚಿಂಗ್ ಕ್ಲಾಸಿನ ವಿಷಯಕ್ಕೆ ನೀನೂ ನಿಮ್ಮಪ್ಪನೂ ಮಾತು ಬಿಟ್ಟಿದ್ದೀರಿ. ನೀನು ಬಾಗಿಲು ಹಾಕಿಕೊಂಡೆ. ಅವನು ತನ್ನ ಕೋಣೆ ಸೇರಿದ. "ಆಯಿ, ಡ್ಯಾಡಿಗೆ ಹೇಳು, ನಾನು ಹೋಗಲ್ಲ," ಎಂದೆ ನೀನು. ಅವನು ನನ್ನನ್ನು ಕರೆದು, "ಅವಗ ಹೇಳವ್ವಾ, ನನಗೂ ಹಟ ಬರತೈತಿ ಅಂತ," ಎಂದ. ಎರಡು ಬಾಗಿಲುಗಳ ನಡುವೆ ನಾನು ನಿಂತಿದ್ದೆ. ಆಗ, ಒಂದು ಗಳಿಗೆ, ಆ ಹಳೆಯ ಹಿತ ಮತ್ತೆ ನನ್ನ ನಾಲಿಗೆಗೆ ಬಂತು. ಇಷ್ಟಾದ ಮೇಲೂ ಬಂತು. ಅದು ಸತ್ತಿಲ್ಲ ಎಂದು ತಿಳಿದು ನನಗೆ ನನ್ನ ಮೇಲೆಯೇ ಭಯವಾಯಿತು. ಇಬ್ಬರ ಮಾತನ್ನೂ ಒಯ್ಯಲಿಲ್ಲ. ನೀನೇ ಹೋಗಿ ಹೇಳು ಎಂದೆ. ನೀನು ಆಯಿಗೆ ಸಿಟ್ಟು ಬಂದಿದೆ ಅಂದುಕೊಂಡೆ.

ಬರುವ ಬನ್ನಿ ಹಬ್ಬದ ದಿನ ಬಸು ನನ್ನ ಕಾಲು ಮುಟ್ಟಲು ಬಾಗುವ ಮೊದಲೇ ಎಲ್ಲವನ್ನೂ ಅವನಿಗೆ ಹೇಳುತ್ತೇನೆ. ಅವನ ಬನ್ನಿ ನನಗೆ ಸಲ್ಲುವುದಿಲ್ಲ. ಅವನು ನನ್ನನ್ನು ಹೊರಗೆ ಹಾಕಿದರೆ ನೀವು ಅಡ್ಡ ಬರಬೇಡಿ. ಆಯಿಗೆ ವಯಸ್ಸಾಗಿದೆ, ಬಿಡಪ್ಪಾ, ಎನ್ನಬೇಡಿ. ಮುತ್ಯಾನಿಗೂ ವಯಸ್ಸಾಗಿತ್ತು.

ಆದರೆ ನನ್ನ ಬಾಯಿಯನ್ನು ನಾನು ನಂಬುವುದಿಲ್ಲ. ಆ ದಿನ ಅದು ಮತ್ತೆ ಏನನ್ನಾದರೂ ಬಿಟ್ಟೀತು, ಅಥವಾ ಅಷ್ಟರೊಳಗೆ ನಾನೇ ಇಲ್ಲದೆ ಹೋದೇನು. ಹಾಗಾದರೆ ನೀವೇ ಇದನ್ನು ಅವನಿಗೆ ಓದಿ ಹೇಳಿ. ಚಿಗರಿ ಬಾಗಿಲು ಒಡೆಯಲಿಲ್ಲ, ಹೊರಗೆ ಕೂತ ಎಂಬುದು ಈ ಹಾಳೆಗಳಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ. ಅದು ನಿಮ್ಮಪ್ಪನ ಸ್ವತ್ತು. ಸಿಟ್ಟಿನಲ್ಲಿ ಅವನೇ ಹರಿಯಲು ಬಂದರೂ ಕೊಡಬೇಡಿ, ಸಿಟ್ಟು ಇಳಿದ ಮೇಲೆ ಕೇಳುತ್ತಾನೆ. ನೀರು ತಾಗದಂತೆ, ಇಲಿ ಮುಟ್ಟದಂತೆ, ಒಂದು ಹಾಳೆಯೂ ತಪ್ಪದಂತೆ ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.